ಗ್ರೀಸ್ ದ್ವೀಪಗಳ ನಡುವೆ ಫೆರ್ರಿ ಪ್ರಯಾಣ: ಯೋಜನೆಯನ್ನು ಕೊನೆಯ ದಿನದಿಂದ ಶುರು ಮಾಡಿ

ಗ್ರೀಸ್‌ಗೆ ಹೋಗಿ ಬಂದವರು ಹೇಳುವ ತೊಂದರೆಗಳು ಹೆಚ್ಚುಕಡಿಮೆ ಒಂದೇ ಥರ. ಹಡಗು ರದ್ದಾಗಿ ಊರಿಗೆ ಬರುವ ವಿಮಾನ ತಪ್ಪಿತು. ಹೊತ್ತಿಗೆ ಸರಿಯಾಗಿ ಬಂದರಿಗೆ ಹೋದೆವು, ಆದರೆ ಗೇಟ್ ಬೇರೆ ಕಡೆ ಇತ್ತು. ಟಿಕೆಟ್ ತೋರಿಸಿದರೆ ತಾರೀಖು ನಿನ್ನೆಯದು. ಕೆಳಗೆ ಇಳಿದು ಬರುವಷ್ಟರಲ್ಲಿ ಹಡಗು ಮುಂದಿನ ದ್ವೀಪಕ್ಕೆ ಹೊರಟೇ ಬಿಟ್ಟಿತು.

ಇದರಲ್ಲಿ ಹೆಚ್ಚಿನವು ಕೆಲಸಗಳ ಕ್ರಮ ತಪ್ಪಿದ್ದರಿಂದ ಆಗುವಂಥವು. ಬಹಳ ಜನ ಮೊದಲು ಹೋಟೆಲ್ ಹಿಡಿಯುತ್ತಾರೆ, ಆಮೇಲೆ ವಿಮಾನ, ಉಳಿದ ಜಾಗದಲ್ಲಿ ಫೆರ್ರಿ ತುರುಕುತ್ತಾರೆ. ದ್ವೀಪಗಳ ಪ್ರವಾಸದಲ್ಲಿ ಇದು ತಲೆಕೆಳಗು. ಹಡಗು ಯಾವಾಗ ಹೋಗುತ್ತದೆ ಎಂದು ತಿಳಿದ ಮೇಲೆ ಉಳಿದದ್ದೆಲ್ಲ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ.

## ಮೊದಲು ಕೈಯಲ್ಲಿ ಇರಬೇಕಾದವು

ಪಾಸ್‌ಪೋರ್ಟ್, ಇಂಟರ್ನೆಟ್ ಇರುವ ಫೋನ್, ಪವರ್ ಬ್ಯಾಂಕ್, ಒಂದಿಷ್ಟು ಯೂರೊ ನಗದು, ಗಾಳಿ ತಡೆಯುವ ಜಾಕೆಟ್, ವಾಂತಿ ಮಾತ್ರೆ. ಬೇಸಿಗೆಯಲ್ಲಿ ಜಾಕೆಟ್ ಯಾಕೆ ಎಂದು ಬಿಟ್ಟು ಹೋಗಬೇಡಿ. ಮೇಲಿನ ಡೆಕ್‌ನಲ್ಲಿ ಗಾಳಿ ಜೋರು, ಒಳಗಡೆ ಏಸಿ ಅದಕ್ಕಿಂತ ಜೋರು.

ಫೋನ್‌ನಲ್ಲಿ ಮೂರು ಆ್ಯಪ್ ಸಾಕು. ವೇಳಾಪಟ್ಟಿ, ಟಿಕೆಟ್‌ಗೆ ಫೆರ್ರಿಹಾಪರ್ ಥರದ್ದು ಒಂದು. ಹಡಗು ಈಗ ಎಲ್ಲಿದೆ ಎಂದು ನೋಡಲು ಮರೈನ್ ಟ್ರಾಫಿಕ್. ಗಾಳಿಯ ಮುನ್ಸೂಚನೆಗೆ ವಿಂಡಿ.

## ಹಂತ 1: ದ್ವೀಪಗಳ ಗುಂಪು ಯಾವುದು ಎಂದು ನೋಡಿ

ನಕ್ಷೆಯಲ್ಲಿ ಹತ್ತಿರ ಕಂಡ ಎರಡು ದ್ವೀಪಗಳ ನಡುವೆ ಹಡಗು ಇದ್ದೇ ಇರುತ್ತದೆ ಎಂದುಕೊಳ್ಳಬೇಡಿ. ಗ್ರೀಸ್‌ನ ದ್ವೀಪಗಳು ಗುಂಪು ಗುಂಪಾಗಿವೆ, ಹಡಗುಗಳು ಹೆಚ್ಚಾಗಿ ಆ ಗುಂಪಿನೊಳಗೇ ಓಡುತ್ತವೆ.

ಸ್ಯಾಂಟೊರಿನಿ, ನಕ್ಸೊಸ್, ಪಾರೊಸ್, ಮಿಕೊನೊಸ್, ಮಿಲೊಸ್ ಇರುವುದು ಸಿಕ್ಲಾಡೀಸ್ ಗುಂಪಿನಲ್ಲಿ. ರೋಡ್ಸ್, ಕೊಸ್, ಕಾರ್ಪಥೊಸ್ ಡೊಡೆಕನೀಸ್‌ನವು. ಸ್ಕಿಯಾಥೊಸ್, ಸ್ಕೊಪೆಲೊಸ್ ಇರುವ ಸ್ಪೊರಾಡೀಸ್‌ಗೆ ವೊಲೊಸ್ ಬಂದರು ಅನುಕೂಲ. ಅಥೆನ್ಸ್‌ಗೆ ಹತ್ತಿರದ ಐಜಿನಾ, ಹೈಡ್ರಾ ಸರೋನಿಕ್ ಗುಂಪಿನವು. ಕೊರ್ಫು, ಝಾಕಿಂಥೊಸ್ ಇರುವ ಅಯೋನಿಯನ್ ಗುಂಪು ದೇಶದ ಇನ್ನೊಂದೇ ಬದಿಯ ಸಮುದ್ರದಲ್ಲಿದೆ. ಸ್ಯಾಂಟೊರಿನಿಯಿಂದ ಕೊರ್ಫುಗೆ ನೇರ ಫೆರ್ರಿ ಇಲ್ಲ. ಅಲ್ಲಿಗೆ ಮುಖ್ಯ ನೆಲಕ್ಕೆ ಬಂದು ಪಶ್ಚಿಮದ ಇಗುಮೆನಿತ್ಸಾದಿಂದ ಹೋಗಬೇಕು, ಇಲ್ಲವೇ ವಿಮಾನ.

ಒಂದು ವಾರದ ಪ್ರವಾಸ ಆದರೆ ಒಂದೇ ಗುಂಪು, ಎರಡು ದ್ವೀಪ. ಹತ್ತು ದಿನಕ್ಕೆ ಮೂರು. ಅದಕ್ಕಿಂತ ಜಾಸ್ತಿ ತುಂಬಿದರೆ ದ್ವೀಪ ನೋಡುವುದಕ್ಕಿಂತ ಬಂದರು ನೋಡುವುದೇ ಹೆಚ್ಚಾಗುತ್ತದೆ.

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಇಲ್ಲಿ ಒಂದು ದೊಡ್ಡ ಎಚ್ಚರಿಕೆ ಇದೆ. ಕೊಸ್, ರೋಡ್ಸ್‌ನಿಂದ ಟರ್ಕಿಯ ಬೋಡ್ರಮ್, ಮಾರ್ಮರಿಸ್ ಕಡೆಗೆ ದೋಣಿಗಳು ಹೋಗುತ್ತವೆ. "ಬೆಳಿಗ್ಗೆ ಹೋಗಿ ಸಂಜೆ ಬರಬಹುದು" ಎಂದು ಬೋರ್ಡ್ ಇರುತ್ತದೆ. ಆದರೆ ಗ್ರೀಸ್ ಷೆಂಗೆನ್ ದೇಶ, ಎಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನದು. ಟರ್ಕಿ ಆ ಗುಂಪಿನಲ್ಲಿಲ್ಲ. ನಿಮ್ಮ ವೀಸಾ ಒಂದೇ ಪ್ರವೇಶದ್ದಾಗಿದ್ದರೆ ದೋಣಿ ಹತ್ತಿದ ಕೂಡಲೇ ಅದು ಮುಗಿಯಿತು, ಸಂಜೆ ವಾಪಸ್ ಒಳಗೆ ಬಿಡುವುದಿಲ್ಲ. ಟರ್ಕಿಗೆ ಬೇರೆ ವೀಸಾ ಕೂಡ ಬೇಕು. ವೀಸಾ ಸ್ಟಿಕ್ಕರ್‌ನಲ್ಲಿ ಎಷ್ಟು ಪ್ರವೇಶ ಎಂದು ಬರೆದಿರುವುದನ್ನು ಮೊದಲೇ ನೋಡಿಕೊಳ್ಳಿ.

## ಹಂತ 2: ಕೊನೆಯ ರಾತ್ರಿಯನ್ನು ಅಥೆನ್ಸ್‌ನಲ್ಲಿ ಕಟ್ಟಿ ಹಾಕಿ

ಈ ಬರಹದಲ್ಲಿ ಒಂದೇ ಒಂದು ಮಾತು ಪಾಲಿಸುವುದಾದರೆ ಇದನ್ನು ಪಾಲಿಸಿ. ಊರಿಗೆ ಬರುವ ವಿಮಾನದ ಹಿಂದಿನ ರಾತ್ರಿ ನೀವು ಅಥೆನ್ಸ್‌ನಲ್ಲಿ ಇರಬೇಕು. ವಿಮಾನ ಎಲ್ಲಿಂದ ಹೊರಡುತ್ತದೋ ಆ ಊರಿನಲ್ಲಿ ಎಂದರ್ಥ. ಜುಲೈ, ಆಗಸ್ಟ್‌ನಲ್ಲಾದರೆ ಎರಡು ರಾತ್ರಿ ಇದ್ದರೆ ಇನ್ನೂ ನೆಮ್ಮದಿ.

ಕಾರಣ ಗಾಳಿ. ಈ ದ್ವೀಪಗಳಲ್ಲಿ ಹೆಚ್ಚಿನವು ಇರುವ ಏಜಿಯನ್ ಸಮುದ್ರದಲ್ಲಿ ಬೇಸಿಗೆಯಲ್ಲಿ ಮೆಲ್ಟೆಮಿ ಎಂಬ ಉತ್ತರದ ಗಾಳಿ ಬೀಸುತ್ತದೆ. ಜುಲೈ, ಆಗಸ್ಟ್‌ನಲ್ಲಿ ಅದರ ಜೋರು ಹೆಚ್ಚು, ಕೆಲವೊಮ್ಮೆ ದಿನಗಟ್ಟಲೆ ನಿಲ್ಲುವುದಿಲ್ಲ. ಆಕಾಶ ನೀಲಿಯಾಗಿ ಬಿಸಿಲು ಹೊಡೆಯುತ್ತಲೇ ಇರುತ್ತದೆ, ಹಡಗು ಮಾತ್ರ ಹೊರಡುವುದಿಲ್ಲ. ಮಳೆ ಇಲ್ಲ, ಮೋಡ ಇಲ್ಲ ಎಂದು ನಾವು ನಿಶ್ಚಿಂತೆಯಿಂದ ಇರುವುದು ಇಲ್ಲೇ ತಪ್ಪುತ್ತದೆ.

ಗಾಳಿಯನ್ನು ಅಲ್ಲಿ ಬ್ಯೂಫೋರ್ಟ್ ಅಳತೆಯಲ್ಲಿ ಹೇಳುತ್ತಾರೆ. 6 ಎಂದರೆ ಗಂಟೆಗೆ 39ರಿಂದ 49 ಕಿ.ಮೀ., 8 ಎಂದರೆ 62ರಿಂದ 74 ಕಿ.ಮೀ. ಚಿಕ್ಕ ವೇಗದ ಹಡಗುಗಳು 6, 7ರ ಹೊತ್ತಿಗೇ ನಿಲ್ಲಬಹುದು. 8 ಮುಟ್ಟಿದರೆ ದೊಡ್ಡ ಹಡಗುಗಳ ಮೇಲೂ ನಿಷೇಧ ಬರುವ ಸಂಭವ ಇದೆ. ಇದನ್ನು ತೀರ್ಮಾನಿಸುವುದು ಬಂದರಿನ ಅಧಿಕಾರಿಗಳು, ಹಡಗಿನ ಕಂಪನಿಯಲ್ಲ. ಟಿಕೆಟ್ ಕೌಂಟರ್‌ನವರ ಹತ್ತಿರ ಜಗಳ ಆಡಿ ಪ್ರಯೋಜನ ಇಲ್ಲ.

ಎರಡನೆಯ ಕಾರಣ ಮುಷ್ಕರ. ಹಡಗು ನೌಕರರ ಸಂಘಗಳು ಸಾಮಾನ್ಯವಾಗಿ 24 ಗಂಟೆಯ ಮುಷ್ಕರ ಮಾಡುತ್ತವೆ, ಮುಂಚೆಯೇ ತಿಳಿಸುತ್ತವೆ. ಮೇ 1ರಂದು ಹಡಗು ಪ್ರಯಾಣ ಇಟ್ಟುಕೊಳ್ಳಲೇಬೇಡಿ.

## ಹಂತ 3: ದೂರದಿಂದ ಹತ್ತಿರಕ್ಕೆ ಬನ್ನಿ

ಬಹಳ ಜನರ ದಾರಿ ಹೀಗಿರುತ್ತದೆ: ಅಥೆನ್ಸ್, ಪಾರೊಸ್, ನಕ್ಸೊಸ್, ಕೊನೆಗೆ ಸ್ಯಾಂಟೊರಿನಿ. ಒಳ್ಳೆಯದನ್ನು ಕೊನೆಗೆ ಇಟ್ಟುಕೊಳ್ಳುವ ಆಸೆ. ಆದರೆ ಆಗ ಅತಿ ಉದ್ದದ ಸಮುದ್ರ ಪ್ರಯಾಣ ಕೊನೆಗೆ ಉಳಿಯುತ್ತದೆ. ಸ್ಯಾಂಟೊರಿನಿಯಿಂದ ಅಥೆನ್ಸ್‌ನ ಬಂದರು ಪಿರಾಯಸ್‌ಗೆ ದೊಡ್ಡ ಹಡಗಿನಲ್ಲಿ ಸುಮಾರು 8 ಗಂಟೆ, ವೇಗದ್ದರಲ್ಲಿ 5 ಗಂಟೆಯ ಆಸುಪಾಸು.

ತಿರುಗಿಸಿ. ಮೊದಲೇ ಸ್ಯಾಂಟೊರಿನಿಗೆ ಹೋಗಿ, ಬೇಕಾದರೆ ವಿಮಾನದಲ್ಲೇ. ಅಲ್ಲಿಂದ ನಕ್ಸೊಸ್‌ಗೆ ಸುಮಾರು 2 ಗಂಟೆ. ನಕ್ಸೊಸ್‌ನಿಂದ ಪಾರೊಸ್‌ಗೆ ಒಂದು ಗಂಟೆಯೂ ಬೇಕಿಲ್ಲ. ಪಾರೊಸ್‌ನಿಂದ ಪಿರಾಯಸ್‌ಗೆ 4ರಿಂದ 5 ಗಂಟೆ. ಪಾರೊಸ್ ಈ ಭಾಗದ ಜಂಕ್ಷನ್ ಇದ್ದ ಹಾಗೆ. ಒಂದು ಹಡಗು ತಪ್ಪಿದರೆ ಇನ್ನೊಂದು ಸಿಗುವ ಅವಕಾಶ ಅಲ್ಲಿ ಹೆಚ್ಚು.

ಚಿಕ್ಕ ದ್ವೀಪಗಳು ನಿಮ್ಮ ಪಟ್ಟಿಯಲ್ಲಿದ್ದರೆ ಅವನ್ನು ನಡುವೆ ಇಡಿ. ಮೊದಲಲ್ಲೂ ಬೇಡ, ಕೊನೆಯಲ್ಲಂತೂ ಬೇಡವೇ ಬೇಡ. ಅಲ್ಲಿಗೆ ದಿನಕ್ಕೊಂದೇ ಹಡಗು ಇರಬಹುದು, ಕೆಲವು ದಿನ ಇಲ್ಲದೆಯೂ ಇರಬಹುದು.

## ಹಂತ 4: ಹಡಗಿನ ಜಾತಿ ಆರಿಸಿ

ದೊಡ್ಡ ಹಡಗಿನ ಕೆಳಗೆ ಲಾರಿ, ಕಾರು ನಿಲ್ಲುತ್ತವೆ, ಮೇಲೆ ಹಲವು ಅಂತಸ್ತು. ಓಡಾಡಬಹುದು, ಹೊರಗಿನ ಡೆಕ್‌ನಲ್ಲಿ ಕೂತು ದ್ವೀಪಗಳನ್ನು ನೋಡಬಹುದು. ನಿಧಾನ, ಆದರೆ ಅಗ್ಗ, ಅಲೆಗೆ ಕಡಿಮೆ ಅಲುಗಾಡುತ್ತದೆ.

ವೇಗದ ಹಡಗುಗಳಲ್ಲಿ ಹೆಚ್ಚಿನವು ಕ್ಯಾಟಮರಾನ್, ಎಂದರೆ ಜೋಡಿ ಒಡಲಿನ ಹಡಗು. ಟಿಕೆಟ್ ದರ ಎಷ್ಟೋ ಮಾರ್ಗಗಳಲ್ಲಿ ದುಪ್ಪಟ್ಟಿನ ಹತ್ತಿರ. ವಿಮಾನದ ಹಾಗೆ ನಂಬರ್ ಇರುವ ಸೀಟು, ಹೊರಗೆ ನಿಲ್ಲಲು ಜಾಗ ಇರುವುದಿಲ್ಲ ಅಥವಾ ತೀರಾ ಕಡಿಮೆ. ಗಾಳಿ ಎದ್ದರೆ ಮೊದಲು ರದ್ದಾಗುವುದೂ ಇವೇ.

ನನ್ನ ಸಲಹೆ ಸ್ಪಷ್ಟ: ವಯಸ್ಸಾದ ಅಪ್ಪ ಅಮ್ಮ, ಚಿಕ್ಕ ಮಕ್ಕಳು, ಘಾಟಿಯಲ್ಲಿ ಬಸ್ಸಿನಲ್ಲೇ ವಾಂತಿ ಮಾಡಿಕೊಳ್ಳುವವರು ಜೊತೆಗಿದ್ದರೆ ದೊಡ್ಡ ಹಡಗು. ಮೂರು ಗಂಟೆ ಉಳಿಸಲು ಹೋಗಿ ಇಡೀ ದಿನ ಮಲಗುವಂತೆ ಆಗಬಾರದು ಅಲ್ವಾ? ಒಂದೆರಡು ಗಂಟೆಯ ದಾರಿಗೆ, ಗಾಳಿ ಕಡಿಮೆ ಇರುವ ದಿನ, ವೇಗದ್ದು ತೊಂದರೆ ಇಲ್ಲ. ಸ್ಯಾಂಟೊರಿನಿಯಿಂದ ಕ್ರೀಟ್ ದ್ವೀಪದ ಇರಾಕ್ಲಿಯೊ ಬಂದರಿಗೆ ಹೋಗುವುದು ಇಂಥದ್ದೇ ದಾರಿ. ಬೇಸಿಗೆಯಲ್ಲಿ ಸುಮಾರು 2 ಗಂಟೆ.

ದೊಡ್ಡ ಹಡಗಿನಲ್ಲಿ ಅಗ್ಗದ ಟಿಕೆಟ್‌ಗೆ ಸೀಟು ಗೊತ್ತುಮಾಡಿರುವುದಿಲ್ಲ. ಖಾಲಿ ಕಂಡಲ್ಲಿ ಕೂರಬೇಕು. ಹಗಲಿಗೆ ಇದು ಸಾಕು. ಜನ ತುಂಬಿದ ತಿಂಗಳಲ್ಲಿ ಸ್ವಲ್ಪ ಹೆಚ್ಚು ಕೊಟ್ಟು ನಂಬರ್ ಸೀಟು ತೆಗೆದುಕೊಳ್ಳಿ. ಪಿರಾಯಸ್‌ನಿಂದ ಕ್ರೀಟ್ ಅಥವಾ ರೋಡ್ಸ್‌ಗೆ ರಾತ್ರಿ ಪ್ರಯಾಣ ಆದರೆ ಕ್ಯಾಬಿನ್ ಮಾಡಿ, ಒಂದು ರಾತ್ರಿಯ ಹೋಟೆಲ್ ಖರ್ಚು ಉಳಿಯುತ್ತದೆ.

## ಹಂತ 5: ಟಿಕೆಟ್ ತೆಗೆದುಕೊಳ್ಳಿ, ನಾಲ್ಕು ಕಡೆ ಎಚ್ಚರ

ಎಷ್ಟು ಮುಂಚೆ ತೆಗೆದುಕೊಳ್ಳಬೇಕು? ಜುಲೈ, ಆಗಸ್ಟ್ ಆದರೆ ಒಂದೆರಡು ತಿಂಗಳು ಮುಂಚೆ. ಗ್ರೀಕರ ಈಸ್ಟರ್ ವಾರ ಮತ್ತು ಆಗಸ್ಟ್ 15ರ ಆಸುಪಾಸು ಊರಿಗೆ ಊರೇ ಹಡಗು ಹತ್ತುತ್ತದೆ. ಆಗಸ್ಟ್ 15 ಮೇರಿ ಮಾತೆಯ ಹಬ್ಬ, ಟಿನೊಸ್ ದ್ವೀಪಕ್ಕೆ ಯಾತ್ರಿಕರ ಪ್ರವಾಹ. ಅವರ ಈಸ್ಟರ್ ನಮ್ಮ ಕ್ಯಾಲೆಂಡರ್‌ನಲ್ಲಿರುವ ಈಸ್ಟರ್ ದಿನವೇ ಬರಬೇಕೆಂದಿಲ್ಲ. 2026ರಲ್ಲಿ ಅದು ಏಪ್ರಿಲ್ 12ಕ್ಕೆ, 2027ರಲ್ಲಿ ಮೇ 2ಕ್ಕೆ. ಮೇ, ಜೂನ್, ಸೆಪ್ಟೆಂಬರ್‌ನಲ್ಲಿ ಇಷ್ಟು ಒತ್ತಡ ಇಲ್ಲ. ಮುಂದಿನ ಬೇಸಿಗೆಯ ವೇಳಾಪಟ್ಟಿ ಇನ್ನೂ ಬಂದಿಲ್ಲ ಎಂದರೆ ಹಡಗೇ ಇಲ್ಲ ಎಂದುಕೊಳ್ಳಬೇಡಿ. ಕಂಪನಿಗಳು ಅದನ್ನು ಪ್ರಕಟಿಸುವುದೇ ತಡವಾಗಿ. ನವೆಂಬರ್‌ನಿಂದ ಮಾರ್ಚ್‌ವರೆಗೆ ಮಾತ್ರ ಹಡಗುಗಳು ನಿಜವಾಗಿಯೇ ಕಡಿಮೆ.

ಹೆಸರು. ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಹಾಕಿ. ನಮ್ಮಲ್ಲಿ ಇನಿಷಿಯಲ್, ಅಪ್ಪನ ಹೆಸರು, ಊರಿನ ಹೆಸರು ಎಲ್ಲ ಸೇರಿಕೊಂಡಿರುವುದರಿಂದ ಗೊಂದಲ ಜಾಸ್ತಿ. ಮನೆಯಲ್ಲಿ ಕರೆಯುವ ಹೆಸರು, ಚಿಕ್ಕದು ಮಾಡಿದ ಹೆಸರು ಬೇಡ.

ಬಂದರಿನ ಹೆಸರು. ಸ್ಯಾಂಟೊರಿನಿಯನ್ನು ಟಿಕೆಟ್, ಬೋರ್ಡ್‌ಗಳಲ್ಲಿ ಥಿರಾ ಎಂದು ಬರೆದಿರಬಹುದು. ಕೊರ್ಫು ಅಲ್ಲಿ ಕೆರ್ಕಿರಾ. ಕ್ರೀಟ್‌ನ ಹನಿಯಾ ಊರಿನ ಹಡಗು ನಿಲ್ಲುವುದು ಸೂಡಾ ಎಂಬಲ್ಲಿ. ಇದಕ್ಕಿಂತ ಮುಖ್ಯವಾದ್ದು ಎರಡು ಬಂದರು ಇರುವ ದ್ವೀಪಗಳು. ಅಮೊರ್ಗೊಸ್‌ನಲ್ಲಿ ಕಟಪೊಲಾ ಮತ್ತು ಐಯಾಲಿ, ಇಕಾರಿಯಾದಲ್ಲಿ ಆಯಿಯೊಸ್ ಕಿರಿಕೊಸ್ ಮತ್ತು ಎವ್ಡಿಲೊಸ್, ಸಾಮೊಸ್‌ನಲ್ಲಿ ವಥಿ ಮತ್ತು ಕಾರ್ಲೊವಸಿ. ಒಂದರಿಂದ ಇನ್ನೊಂದಕ್ಕೆ ಬೆಟ್ಟದ ದಾರಿ. ಹೋಟೆಲ್ ಯಾವ ಬಂದರಿನ ಹತ್ತಿರ ಎಂದು ನೋಡಿದ ಮೇಲೆ ಟಿಕೆಟ್ ಮಾಡಿ.

ಅಥೆನ್ಸ್ ಕಡೆಯೂ ಮೂರು ಬಂದರು. ಪಿರಾಯಸ್ ದೊಡ್ಡದು. ರಫಿನಾ ವಿಮಾನ ನಿಲ್ದಾಣಕ್ಕೆ ಹತ್ತಿರ, ಆಂಡ್ರೊಸ್, ಟಿನೊಸ್, ಮಿಕೊನೊಸ್‌ಗೆ ಅನುಕೂಲ. ಲವ್ರಿಯೊದಿಂದ ಕಿಯಾ, ಕಿಥ್ನೊಸ್‌ಗೆ. ವಿಮಾನ ಇಳಿದು ನೇರ ಮಿಕೊನೊಸ್‌ಗೆ ಹೋಗುವವರು ರಫಿನಾ ನೋಡದೆ ಪಿರಾಯಸ್‌ವರೆಗೆ ಹೋಗುವುದು ಸುಮ್ನೆ ಸುತ್ತು.

ಮಧ್ಯರಾತ್ರಿ. 12ನೇ ತಾರೀಖು 00:30 ಎಂದಿದ್ದರೆ ನೀವು 11ನೇ ತಾರೀಖು ರಾತ್ರಿ ಊಟ ಮುಗಿಸಿ ಬಂದರಿಗೆ ಹೋಗಬೇಕು. 12ರ ರಾತ್ರಿ ಹೋದರೆ ಹಡಗು ಹೋಗಿ ಒಂದು ದಿನ ಆಗಿರುತ್ತದೆ. ಈ ತಪ್ಪು ಮಾಡುವವರು ಬಹಳ.

ಬದಲಿ ಹಡಗು. ಒಂದು ದ್ವೀಪದಲ್ಲಿ ಇಳಿದು ಇನ್ನೊಂದು ಹಡಗು ಹಿಡಿಯುವುದಾದರೆ ಕನಿಷ್ಠ 3 ಗಂಟೆ ಬಿಡಿ. ಎರಡು ಬೇರೆ ಬೇರೆ ಟಿಕೆಟ್ ಆದರೆ ಮೊದಲ ಹಡಗು ತಡವಾಗಿ ಎರಡನೆಯದು ತಪ್ಪಿದ್ದಕ್ಕೆ ಎರಡನೆಯ ಕಂಪನಿ ಹೊಣೆ ಅಲ್ಲ.

ಮಕ್ಕಳಿಗೆ: ಸಾಮಾನ್ಯವಾಗಿ 5 ವರ್ಷದೊಳಗೆ ಉಚಿತ, 5ರಿಂದ 10ಕ್ಕೆ ಅರ್ಧ ದರ. ಉಚಿತವಾದರೂ ಮಗುವಿನ ಹೆಸರಲ್ಲಿ ಟಿಕೆಟ್ ಇರಲೇಬೇಕು.

## ಹಂತ 6: ಹಿಂದಿನ ದಿನದ ಕೆಲಸ

ಮೊದಲು ಇಮೇಲ್, ಮೆಸೇಜ್ ನೋಡಿ. ಸಮಯ ಬದಲಾದರೆ, ರದ್ದಾದರೆ ಅಲ್ಲಿಗೇ ಬರುತ್ತದೆ. ಬುಕಿಂಗ್‌ನಲ್ಲಿ ಕೊಟ್ಟ ಫೋನ್ ನಂಬರ್ ಬೆಂಗಳೂರಿನದಾಗಿ, ಆ ಸಿಮ್ ಅಲ್ಲಿ ಬಂದ್ ಆಗಿದ್ದರೆ ಏನೂ ತಿಳಿಯುವುದಿಲ್ಲ. ಹಾಗಾಗಿ ದಿನವೂ ತೆರೆಯುವ ಇಮೇಲ್ ಕೊಟ್ಟಿರಿ.

ಆಮೇಲೆ ವೆಬ್ ಚೆಕ್ ಇನ್. ಅದು ಆದರೆ ಕ್ಯೂಆರ್ ಕೋಡ್ ಇರುವ ಟಿಕೆಟ್ ಬರುತ್ತದೆ, ಫೋನ್‌ನಲ್ಲಿ ತೋರಿಸಿದರೆ ಸಾಕು. ಬುಕಿಂಗ್ ಆದ ಮೇಲೆ ಬರುವ ದೃಢೀಕರಣದ ಇಮೇಲ್ ಟಿಕೆಟ್ ಅಲ್ಲ. ಅದನ್ನು ಹಿಡಿದು ಹೋದವರನ್ನು ಹಡಗಿನ ಬಾಗಿಲಲ್ಲಿ ತಡೆದು ವಾಪಸ್ ಕೌಂಟರ್‌ಗೆ ಕಳಿಸುತ್ತಾರೆ. ಕೆಲವು ಚಿಕ್ಕ ಮಾರ್ಗಗಳಲ್ಲಿ ಈಗಲೂ ಬಂದರಿನ ಕೌಂಟರ್‌ನಿಂದ ಕಾಗದದ ಟಿಕೆಟ್ ಪಡೆಯಬೇಕು.

ಗಾಳಿ ನೋಡಿ. ಬ್ಯೂಫೋರ್ಟ್ 7ರ ಮೇಲೆ ತೋರಿಸುತ್ತಿದ್ದರೆ ಹೋಟೆಲ್‌ನವರಿಗೆ "ಇನ್ನೊಂದು ರಾತ್ರಿ ರೂಮ್ ಸಿಗುತ್ತದಾ" ಎಂದು ಸಂಜೆಯೇ ಕೇಳಿಡಿ. ಬೆಳಿಗ್ಗೆ ಹಡಗು ನಿಂತ ಮೇಲೆ ಎಲ್ಲರೂ ಕೇಳುತ್ತಾರೆ.

## ಹಂತ 7: ಪಿರಾಯಸ್ ಬಂದರಿನಲ್ಲಿ ಸರಿಯಾದ ಗೇಟ್

ಪಿರಾಯಸ್ ತುಂಬ ದೊಡ್ಡದು. ಗೇಟ್‌ಗಳಿಗೆ ಇ1ರಿಂದ ಶುರುವಾಗಿ ನಂಬರ್ ಇವೆ. ಬಂದರು ಮುಟ್ಟಿದೆ ಎಂದರೆ ಹಡಗು ಮುಟ್ಟಿದೆ ಎಂದಲ್ಲ. ಡೊಡೆಕನೀಸ್ ಕಡೆಯ ಹಡಗುಗಳ ಇ1 ಮೆಟ್ರೊ ನಿಲ್ದಾಣದಿಂದ ಬಹಳ ದೂರ. ಸಿಕ್ಲಾಡೀಸ್ ಹಡಗುಗಳ ಇ6, ಇ7 ಮೆಟ್ರೊ ಎದುರಿಗೇ. ಸರೋನಿಕ್ ದ್ವೀಪಗಳಿಗೆ ಇ8. ದೂರದ ಗೇಟ್‌ಗಳಿಗೆ ಬಂದರಿನೊಳಗೆ ಉಚಿತ ಬಸ್ ಓಡುತ್ತದೆ, ಅದಕ್ಕೂ ಕಾಯುವ ಸಮಯ ಸೇರಿಸಿಕೊಳ್ಳಿ. ಟಿಕೆಟ್‌ನಲ್ಲಿರುವ ಗೇಟ್ ನಂಬರನ್ನು ಆ ದಿನ ಬೆಳಿಗ್ಗೆ ಇನ್ನೊಮ್ಮೆ ನೋಡಿ, ಬದಲಾಗುವುದುಂಟು.

ವಿಮಾನ ನಿಲ್ದಾಣದಿಂದ ಮೆಟ್ರೊ 3ನೇ ಲೈನ್ ನೇರವಾಗಿ ಪಿರಾಯಸ್‌ಗೆ ಬರುತ್ತದೆ, ಸುಮಾರು ಒಂದು ಗಂಟೆ. ನಡುರಾತ್ರಿ ಮೆಟ್ರೊ ಇಲ್ಲದಾಗ ಎಕ್ಸ್96 ಬಸ್ ಇದೆ. ಸಿಕ್ಲಾಡೀಸ್ ಹಡಗುಗಳು ಬಹಳಷ್ಟು ಬೆಳಿಗ್ಗೆ 7, 8ಕ್ಕೇ ಹೊರಡುತ್ತವೆ. ಹಾಗಾಗಿ ಅದೇ ಬೆಳಿಗ್ಗೆ ವಿಮಾನ ಇಳಿದು ಹಡಗು ಹಿಡಿಯುವ ಲೆಕ್ಕ ಹಾಕಬೇಡಿ. ಮೆಟ್ರೊದಲ್ಲಿ, ಬಂದರಿನ ಜನಸಂದಣಿಯಲ್ಲಿ ಜೇಬುಗಳ್ಳರಿದ್ದಾರೆ. ಪಾಸ್‌ಪೋರ್ಟ್ ಒಳಜೇಬಿನಲ್ಲಿರಲಿ.

ಹೊರಡುವ ಒಂದು ಗಂಟೆ ಮುಂಚೆ ಗೇಟ್‌ನಲ್ಲಿರಿ. ಮಿಕೊನೊಸ್‌ನಲ್ಲೂ ಹಳೆ ಬಂದರು, ಹೊಸ ಬಂದರು ಬೇರೆ ಬೇರೆ. ಅಲ್ಲಿಂದ ಹೊರಡುವಾಗಲೂ ಇದೇ ಎಚ್ಚರ.

## ಹಂತ 8: ಹತ್ತುವುದು

ಹಡಗು ಹಿಂಬದಿ ತಿರುಗಿಸಿ ದಡಕ್ಕೆ ಬರುತ್ತದೆ, ಹಿಂದಿನ ದೊಡ್ಡ ಬಾಗಿಲು ಕೆಳಗಿಳಿದು ಇಳಿಜಾರು ಹಲಗೆಯಾಗುತ್ತದೆ. ಜನ, ಕಾರು, ಲಾರಿ ಎಲ್ಲ ಅದರಲ್ಲೇ ಹೋಗುವುದು. ಬದಿಯಲ್ಲಿ ನಡೆಯಿರಿ, ಮಕ್ಕಳ ಕೈ ಹಿಡಿದುಕೊಳ್ಳಿ, ಹಿಂದಕ್ಕೆ ಬರುವ ಲಾರಿಗಳ ಮೇಲೆ ಕಣ್ಣಿರಲಿ.

ಹಲಗೆ ಎತ್ತಲು ಶುರು ಮಾಡಿದ್ದರೆ ಓಡಿ ಹತ್ತಬೇಡಿ. 2023ರ ಸೆಪ್ಟೆಂಬರ್‌ನಲ್ಲಿ ಪಿರಾಯಸ್‌ನಲ್ಲಿ ಕೊನೆ ಗಳಿಗೆಯಲ್ಲಿ ಓಡಿ ಬಂದ ಪ್ರಯಾಣಿಕರೊಬ್ಬರನ್ನು ಸಿಬ್ಬಂದಿ ತಳ್ಳಿ, ಅವರು ನೀರಿಗೆ ಬಿದ್ದು ಪ್ರಾಣ ಕಳೆದುಕೊಂಡರು. ತಪ್ಪಿದ ಹಡಗಿಗೆ ಇನ್ನೊಂದು ಟಿಕೆಟ್ ಸಿಗುತ್ತದೆ.

ದೊಡ್ಡ ಸೂಟ್‌ಕೇಸನ್ನು ಕೆಳಗಿನ ಕಪಾಟುಗಳಲ್ಲಿ ಇಡುತ್ತಾರೆ. ಅವುಗಳ ಮೇಲೆ ದ್ವೀಪದ ಹೆಸರು ಬರೆದಿರುತ್ತದೆ. ನೀವು ಇಳಿಯುವ ದ್ವೀಪದ ಕಪಾಟಿನಲ್ಲೇ ಇಡಿ, ಎಲ್ಲಿ ಇಟ್ಟಿರಿ ಎಂದು ಒಂದು ಫೋಟೊ ತೆಗೆದುಕೊಳ್ಳಿ. ಪ್ರಯಾಣದ ನಡುವೆ ಅಲ್ಲಿಗೆ ಬಿಡುವುದಿಲ್ಲ. ಪಾಸ್‌ಪೋರ್ಟ್, ದುಡ್ಡು, ಔಷಧಿ, ಚಾರ್ಜರ್ ಮೇಲೆ ತೆಗೆದುಕೊಂಡು ಹೋಗುವ ಚೀಲದಲ್ಲಿರಲಿ.

ವಾಂತಿ ಬರುವವರು ಹಡಗಿನ ನಡುಭಾಗದಲ್ಲಿ, ಕೆಳ ಅಂತಸ್ತಿನಲ್ಲಿ ಕೂರಬೇಕು. ಮುಂಭಾಗದಲ್ಲಿ ಏರಿಳಿತ ಹೆಚ್ಚು. ಫೋನ್ ನೋಡಬೇಡಿ, ದೂರದ ದಿಗಂತ ನೋಡಿ. ಅವೊಮಿನ್ ಥರದ ಮಾತ್ರೆ ನುಂಗುವುದಾದರೆ ಹೊರಡುವ ಮುಂಚೆಯೇ ನುಂಗಬೇಕು, ಹೊಟ್ಟೆ ತೊಳಸಲು ಶುರುವಾದ ಮೇಲೆ ಅದು ಅಷ್ಟು ಕೆಲಸ ಮಾಡುವುದಿಲ್ಲ. ನಿದ್ದೆ ಬರುತ್ತದೆ, ಆದ್ದರಿಂದ ಇಳಿದ ಕೂಡಲೇ ಬಾಡಿಗೆ ಸ್ಕೂಟರ್ ಓಡಿಸಬೇಡಿ. ಮಕ್ಕಳಿಗೆ, ಗರ್ಭಿಣಿಯರಿಗೆ ವೈದ್ಯರನ್ನು ಕೇಳದೆ ಕೊಡಬೇಡಿ.

ಸಸ್ಯಾಹಾರಿಗಳಿಗೆ ಹಡಗಿನ ಕ್ಯಾಂಟೀನ್‌ನಲ್ಲಿ ಚೀಸ್ ತುಂಬಿದ ತಿರೊಪಿಟಾ, ಪಾಲಕ್ ತುಂಬಿದ ಸ್ಪಾನಕೊಪಿಟಾ ಸಾಮಾನ್ಯವಾಗಿ ಸಿಗುತ್ತವೆ. ಬೆಲೆ ದಡಕ್ಕಿಂತ ಹೆಚ್ಚು. ಎಂಟು ಗಂಟೆಯ ದಾರಿಗೆ ಚಪಾತಿ, ಚಟ್ನಿಪುಡಿ, ಹಣ್ಣು ಕಟ್ಟಿಕೊಂಡು ಹೋದರೆ ಯಾರೂ ಬೇಡ ಎನ್ನುವುದಿಲ್ಲ. ಅಲ್ಲಿನವರೂ ಮನೆಯಿಂದ ಬುತ್ತಿ ತರುತ್ತಾರೆ.

## ಹಂತ 9: ಇಳಿಯುವುದು

ದಾರಿ ನಡುವಿನ ದ್ವೀಪಗಳಲ್ಲಿ ಹಡಗು ನಿಲ್ಲುವುದು ಕೆಲವೇ ನಿಮಿಷ. ನಿಮ್ಮ ದ್ವೀಪದ ಹೆಸರು ಕೂಗಿದ ಕೂಡಲೇ ಎದ್ದು ಕೆಳಗೆ ಬನ್ನಿ, ಸೂಟ್‌ಕೇಸ್ ಹಿಡಿದು ಬಾಗಿಲ ಹತ್ತಿರ ನಿಲ್ಲಿ. ಮೊದಲು ಗ್ರೀಕ್‌ನಲ್ಲಿ, ಆಮೇಲೆ ಇಂಗ್ಲಿಷ್‌ನಲ್ಲಿ ಹೇಳುತ್ತಾರೆ. ಹಡಗು ತಡವಾಗಿದ್ದರೆ ಟಿಕೆಟ್‌ನ ಸಮಯ ನೋಡಿ ಇಳಿಯಬೇಡಿ. ನೀವು ಪಾರೊಸ್ ಎಂದುಕೊಂಡಿದ್ದು ಸಿರೊಸ್ ಆಗಿರಬಹುದು. ಮರೈನ್ ಟ್ರಾಫಿಕ್ ಅಥವಾ ಫೋನ್‌ನ ನಕ್ಷೆ ತೆರೆದು ಖಚಿತ ಮಾಡಿಕೊಳ್ಳಿ.

ಸ್ಯಾಂಟೊರಿನಿಯ ಫೆರ್ರಿ ಬಂದರು ಅಥಿನಿಯೊಸ್. ಕಡಿದಾದ ಬಂಡೆಯ ಬುಡದಲ್ಲಿದೆ, ಮೇಲೆ ಹೋಗಲು ತಿರುವುಗಳ ರಸ್ತೆ. ಹಡಗು ಬಂದಾಗ ಫಿರಾ ಊರಿಗೆ ಸರ್ಕಾರಿ ಬಸ್ಸಿನಂಥ ಕೆಟೆಲ್ ಬಸ್ ಇರುತ್ತದೆ, ಆದರೆ ಬೇಗ ತುಂಬುತ್ತದೆ. ರಾತ್ರಿ ಇಳಿಯುವವರು, ಕುಟುಂಬದವರು ಹೋಟೆಲ್‌ನಿಂದಲೇ ವಾಹನ ಗೊತ್ತುಮಾಡಿಕೊಳ್ಳಿ. ಕೇಬಲ್ ಕಾರ್ ಇರುವುದು ಹಳೆ ಬಂದರಿನಲ್ಲಿ, ಅದು ಕ್ರೂಸ್ ಹಡಗಿನವರಿಗೆ. ನಿಮ್ಮ ಫೆರ್ರಿ ಅಲ್ಲಿಗೆ ಹೋಗುವುದಿಲ್ಲ.

## ಹಂತ 10: ಹಡಗು ರದ್ದಾದರೆ

ಗಾಬರಿಯಾಗಿ ಹೊಸ ಟಿಕೆಟ್ ಕೊಳ್ಳಬೇಡಿ. ಮೊದಲು ಹಳೆಯದರ ಹಕ್ಕು ಬಳಸಿ. ಐರೋಪ್ಯ ಒಕ್ಕೂಟದ 1177/2010 ನಿಯಮದ ಪ್ರಕಾರ ಹಡಗು ರದ್ದಾದರೆ ಅಥವಾ ಹೊರಡುವುದು 90 ನಿಮಿಷಕ್ಕಿಂತ ಹೆಚ್ಚು ತಡವಾಗುವಂತಿದ್ದರೆ ಆಯ್ಕೆ ನಿಮ್ಮದು: ಹೆಚ್ಚು ದುಡ್ಡಿಲ್ಲದೆ ಮುಂದಿನ ಅವಕಾಶದಲ್ಲಿ ಅದೇ ಊರಿಗೆ ಪ್ರಯಾಣ, ಇಲ್ಲವೇ 7 ದಿನದೊಳಗೆ ಹಣ ವಾಪಸ್. "ವೋಚರ್ ಕೊಡುತ್ತೇವೆ" ಎಂದರೆ ಒಪ್ಪಲೇಬೇಕೆಂದಿಲ್ಲ.

ರಾತ್ರಿ ಉಳಿಯಬೇಕಾಗಿ ಬಂದರೆ ದಡದ ವಸತಿಯ ಖರ್ಚು ರಾತ್ರಿಗೆ 80 ಯೂರೊವರೆಗೆ, ಹೆಚ್ಚೆಂದರೆ 3 ರಾತ್ರಿ, ಕಂಪನಿಯದು. ಆದರೆ ಕಾರಣ ಹವಾಮಾನ ಆದರೆ ಇದು ಸಿಗುವುದಿಲ್ಲ. ಬೇಸಿಗೆಯಲ್ಲಿ ಹೆಚ್ಚಿನ ರದ್ದು ಗಾಳಿಯಿಂದಲೇ ಆಗುವುದರಿಂದ ಆ ರಾತ್ರಿಯ ಖರ್ಚು ನಿಮ್ಮ ಕೈಯಿಂದಲೇ ಎಂದು ಮೊದಲೇ ಲೆಕ್ಕ ಇಟ್ಟುಕೊಳ್ಳಿ.

ಆಗ ಮಾಡುವ ಕ್ರಮ ಹೀಗೆ. ಮೊದಲು ಹೋಟೆಲ್‌ಗೆ ಫೋನ್ ಮಾಡಿ ರೂಮ್ ಉಳಿಸಿಕೊಳ್ಳಿ. ಆಮೇಲೆ ಟಿಕೆಟ್ ಕೊಂಡ ಕಡೆ, ಅಥವಾ ಬಂದರಿನ ಕೌಂಟರ್‌ನಲ್ಲಿ ಮುಂದಿನ ಹಡಗಿಗೆ ಹೆಸರು ಹಾಕಿಸಿ. ವೇಗದ ಹಡಗು ನಿಂತು ದೊಡ್ಡದು ಓಡುತ್ತಿದ್ದರೆ ಅದಕ್ಕೆ ಬದಲಿಸಿ ಎಂದು ನೀವಾಗಿಯೇ ಕೇಳಿ. ನಂತರ ಮುಂದಿನ ದ್ವೀಪದ ಹೋಟೆಲ್‌ಗೆ ತಿಳಿಸಿ. ಹಡಗು ನಿಂತಿದ್ದಕ್ಕೆ ಹಲವರು ತಾರೀಖು ಬದಲಿಸಿಕೊಡುತ್ತಾರೆ, ಕೇಳದಿದ್ದರೆ ಇಲ್ಲ. ರದ್ದಾದ ಮೆಸೇಜ್, ರಸೀದಿಗಳ ಫೋಟೊ ಇಟ್ಟುಕೊಳ್ಳಿ. ಕಂಪನಿಗೆ ದೂರು ಕೊಡುವುದಿದ್ದರೆ ಪ್ರಯಾಣದ ದಿನದಿಂದ 2 ತಿಂಗಳೊಳಗೆ ಬರೆದು ಕೊಡಬೇಕು.